ಕಿವಿಯ ಗುಗ್ಗೆ ಮತ್ತು ನನ್ನ ಶಬ್ದ ಪಾಠ

ಈ ವರ್ಷದ ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಎಂಟನೆಯ ತರಗತಿಯ ‘ಶಬ್ದ’ ಘಟಕ. ಶಬ್ದದ ಉತ್ಪತ್ತಿ, ಪ್ರಸಾರ, ಮನುಷ್ಯನ ಕಿವಿ, ಪಾರ ಮತ್ತು ಆವೃತ್ತಿ, ಶಬ್ದಮಾಲಿನ್ಯ ಎಂದು ಆರು ಅವಧಿಗಳಿಗೆ ಘಟಕ ಯೋಜನೆ ಬರೆದಿದ್ದೆ. ಅದರಲ್ಲಿ ಕಿವಿಗೆ ಒಂದೇ ಅವಧಿ. ಪಠ್ಯದಲ್ಲಿಯೂ ಆ ಭಾಗ ಚಿಕ್ಕದು. ಹೊರಕಿವಿ ಆಲಿಕೆಯಂತಿದೆ, ಒಳಗೆ ನಾಲೆಯ ತುದಿಯಲ್ಲಿ ತಮಟೆಯಿದೆ, ಶಬ್ದ ಬಂದಾಗ ತಮಟೆ ಕಂಪಿಸುತ್ತದೆ. ಚೂಪಾದ, ಗಟ್ಟಿಯಾದ ವಸ್ತುಗಳನ್ನು ಕಿವಿಯೊಳಗೆ ಹಾಕಬಾರದು. ಇಷ್ಟೇ. ಈ ಕೊನೆಯ ಎಚ್ಚರಿಕೆಯನ್ನು ನನ್ನ ಪಾಠಯೋಜನೆಯಲ್ಲಿ ‘ಮೌಲ್ಯ’ದ ಅಂಕಣದಲ್ಲಿ ಒಂದು ಸಾಲಿನಲ್ಲಿ ಬರೆದು, ಎರಡು ನಿಮಿಷ ಹಂಚಿದ್ದೆ. ತರಗತಿಯಲ್ಲಿ ಅದು ಎರಡು ಪೂರ್ತಿ ಅವಧಿಗಳಾಯಿತು. ಅದು ಏಕಾಯಿತು, ಅದರಿಂದ ಏನಾಯಿತು ಎಂಬುದನ್ನು ಹೇಳಲು ಈ ಲೇಖನ.

ಘಟಕ ಆರಂಭಿಸುವ ಮೊದಲು ಪ್ರಶ್ನೆಪೆಟ್ಟಿಗೆ ಇಡುವುದು ನಮ್ಮ ಕಾಲೇಜಿನ ರೂಢಿ. ಹಳೆಯ ಬೂಟಿನ ರಟ್ಟಿನ ಡಬ್ಬಿಗೆ ಕಿಂಡಿ ಕೊರೆದು, ಹೆಸರು ಬರೆಯದೆ ಚೀಟಿ ಹಾಕಲು ಹೇಳಿದ್ದೆ. 34 ಮಕ್ಕಳ ತರಗತಿಯಲ್ಲಿ 27 ಚೀಟಿಗಳು ಬಂದವು. ಗುಡುಗು ಏಕೆ ತಡವಾಗಿ ಕೇಳುತ್ತದೆ, ಬಾವಲಿಗೆ ಕತ್ತಲಲ್ಲಿ ದಾರಿ ಹೇಗೆ ಗೊತ್ತಾಗುತ್ತದೆ ಎಂಬ ನಿರೀಕ್ಷಿತ ಪ್ರಶ್ನೆಗಳಿದ್ದವು. ಆದರೆ ಅರ್ಧಕ್ಕಿಂತ ಹೆಚ್ಚು ಚೀಟಿಗಳು ಗುಗ್ಗೆಯ ಬಗ್ಗೆಯೇ ಇದ್ದವು. ‘ಗುಗ್ಗೆ ಎಲ್ಲಿಂದ ಬರುತ್ತೆ?’ ‘ಗುಗ್ಗೆ ಜಾಸ್ತಿ ಆದರೆ ಕಿವುಡಾಗ್ತಾರಾ?’ ‘ಕಿವಿಗೆ ಕಡ್ಡಿ ಹಾಕಿದರೆ ಕೆಮ್ಮು ಯಾಕೆ ಬರುತ್ತೆ?’ ‘ನನ್ನ ಗುಗ್ಗೆ ಪುಡಿಪುಡಿ, ನಮ್ಮ ಅಕ್ಕಂದು ಅಂಟು, ಯಾಕೆ?’ ‘ಮೊಬೈಲಲ್ಲಿ ಕಿವಿಗೆ ಮೇಣದಬತ್ತಿ ಹಚ್ಚಿ ಕ್ಲೀನ್ ಮಾಡ್ತಾರೆ, ನಿಜಾನಾ?’

ಮಕ್ಕಳು ಇಷ್ಟು ನೇರವಾಗಿ ಕೇಳಿದ ಮೇಲೆ ‘ಹಾಕಬಾರದು ಮಕ್ಕಳೇ’ ಎಂದು ಹೇಳಿ ಮುಂದಿನ ಅಂಶಕ್ಕೆ ಹೋಗುವುದು ಸರಿಯೆನಿಸಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಬಿ.ಎಡ್.ಗೆ ಸೇರುವ ಮುಂಚೆ ನಾನು ಮೂರು ವರ್ಷ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ವಾರಕ್ಕೆ ಹತ್ತಾರು ಜನ ಬಂದು ‘ಕಿವಿಗೆ ಒಂದು ಡ್ರಾಪ್ಸ್ ಕೊಡಿ’ ಎನ್ನುತ್ತಿದ್ದರು. ಯಾವ ಡ್ರಾಪ್ಸ್ ಎಂದು ಕೇಳಿದರೆ, ‘ಯಾವುದಾದ್ರೂ ಆಯ್ತು, ಕಿವಿ ಕಟ್ಟಿದೆ’ ಎಂಬ ಉತ್ತರ. ಗುಗ್ಗೆ ಮೆದು ಮಾಡುವ ಹನಿ ಬೇರೆ, ಸೋಂಕಿಗೆ ಕೊಡುವ ಹನಿ ಬೇರೆ, ಶಿಲೀಂಧ್ರಕ್ಕೆ ಕೊಡುವುದು ಇನ್ನೂ ಬೇರೆ. ಕಿವಿ ಕಟ್ಟಿದೆ ಎಂದು ಅನಿಸುವುದು ಮಾತ್ರ ಮೂರಕ್ಕೂ ಒಂದೇ. ಅಂಗಡಿಯ ಮಾಲೀಕರು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಕಿವಿ ಸೋರ್ತದಾ?’ ಹೌದು ಎಂದವರಿಗೆ ಏನೂ ಕೊಡದೆ ಡಾಕ್ಟರ ಬಳಿ ಕಳಿಸುತ್ತಿದ್ದರು. ಆ ಒಂದು ಪ್ರಶ್ನೆಯ ಬೆಲೆ ನನಗೆ ಪೂರ್ತಿ ಅರ್ಥವಾದದ್ದು ಈ ಪಾಠ ಮಾಡುವಾಗ.

ಪಾಠದ ಹಿಂದಿನ ದಿನ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ. ನಿಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಕಿವಿಯ ಗುಗ್ಗೆ ತೆಗೆಯಲು ಏನೇನು ಬಳಸುತ್ತಾರೆ ನೋಡಿ ಬನ್ನಿ; ಯಾರು ಎಂದು ಬರೆಯಬೇಡಿ, ಏನು ಎಂದಷ್ಟೇ ಬರೆಯಿರಿ. ‘ನಿಮ್ಮ ಮನೆಯಲ್ಲಿ ಹೀಗೆ ಮಾಡುತ್ತಾರಾ?’ ಎಂದು ಕೈ ಎತ್ತಿಸಿದ್ದರೆ ಒಬ್ಬರೂ ನಿಜ ಹೇಳುತ್ತಿರಲಿಲ್ಲ. ಮರುದಿನ ಕಪ್ಪುಹಲಗೆ ತುಂಬುವಷ್ಟು ಪಟ್ಟಿ ಬಂತು. ಬೆಂಕಿಕಡ್ಡಿ, ಹೇರ್‌ಪಿನ್ನು, ಸೇಫ್ಟಿ ಪಿನ್ನು, ಬೈಕಿನ ಕೀ, ಪೆನ್ನಿನ ಕ್ಯಾಪು, ಊದುಬತ್ತಿಯ ಕಡ್ಡಿ, ಕೋಳಿ ಪುಕ್ಕ, ಕಿರುಬೆರಳಿನ ಉಗುರು, ಬಡ್ಸು, ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಉಪ್ಪುನೀರು. ಸಂತೆಯಲ್ಲಿ ಚಿಕ್ಕ ಚಿಮಟ ಹಿಡಿದು ಕೂರುವವನ ಬಳಿ ಹೋಗುವುದೂ ಇತ್ತು. ಒಬ್ಬ ಹುಡುಗ ‘ಡಾಕ್ಟರ್’ ಎಂದು ಬರೆದಿದ್ದ. ಒಬ್ಬನೇ.

ಪಟ್ಟಿಯನ್ನು ಹಲಗೆಯ ಮೇಲೆ ಹಾಗೆಯೇ ಬಿಟ್ಟು ಪಾಠ ಆರಂಭಿಸಿದೆ. ಎರಡೂ ಬದಿ ಕತ್ತರಿಸಿದ ಒಂದು ತಗಡಿನ ಡಬ್ಬಿಯ ಒಂದು ಬಾಯಿಗೆ ಬಲೂನಿನ ರಬ್ಬರನ್ನು ಬಿಗಿಯಾಗಿ ಎಳೆದು ಕಟ್ಟಿ, ಅದರ ಮೇಲೆ ನಾಲ್ಕೈದು ರಾಗಿ ಕಾಳು ಹಾಕಿ, ಇನ್ನೊಂದು ಬಾಯಿಯಿಂದ ಕೂಗಿದರೆ ಕಾಳು ಕುಣಿಯುತ್ತವೆ. ಇದು ನಮಗೆಲ್ಲ ಗೊತ್ತಿರುವ ಚಟುವಟಿಕೆ. ನಾನು ಅದಕ್ಕೆ ಒಂದು ಹೆಜ್ಜೆ ಸೇರಿಸಿದೆ. ಡಬ್ಬಿಯೊಳಗೆ ಹಳೆಯ ಬಟ್ಟೆಯನ್ನು ಸ್ವಲ್ಪ ಸಡಿಲವಾಗಿ ತುರುಕಿ ಮತ್ತೆ ಕೂಗಿಸಿದೆ. ಕಾಳು ಇನ್ನೂ ಅಲುಗಿದವು. ಬಟ್ಟೆಯನ್ನು ಇನ್ನಷ್ಟು ತುರುಕಿ, ರಬ್ಬರಿಗೆ ಒತ್ತಿ ನಿಲ್ಲುವಂತೆ ಗಿಡಿದು ಕೂಗಿಸಿದೆ. ಕಾಳು ಸುಮ್ಮನೆ ಕುಳಿತವು. ‘ಡಬ್ಬಿ ಕೆಟ್ಟಿದೆಯಾ?’ ಎಂದು ಕೇಳಿದೆ. ‘ಇಲ್ಲ ಮಿಸ್, ಅಡ್ಡ ಬಂದಿದೆ’ ಎಂದರು. ಗುಗ್ಗೆಯಿಂದ ಕೇಳಿಸದೆ ಹೋಗುವುದಕ್ಕೂ, ನರ ದುರ್ಬಲವಾಗಿ ಕೇಳಿಸದೆ ಹೋಗುವುದಕ್ಕೂ ಇರುವ ವ್ಯತ್ಯಾಸ ಆ ಒಂದು ಮಾತಿನಲ್ಲಿ ಬಂದುಬಿಟ್ಟಿತು. ಸ್ವಲ್ಪ ಗುಗ್ಗೆ ಇದ್ದರೆ ಏನೂ ಆಗುವುದಿಲ್ಲ. ನಾಲೆ ಪೂರ್ತಿ ಮುಚ್ಚಿದಾಗ, ತಮಟೆಗೆ ಒತ್ತಿ ನಿಂತಾಗ ತೊಂದರೆ ಎಂಬುದೂ ಅದರಲ್ಲೇ ಇದೆ.

ಎರಡನೆಯ ಉಪಕರಣ ಇನ್ನೂ ಸರಳ. 2 ಮಿ.ಲೀ. ಸಿರಿಂಜಿನ ಕೊಳವೆಯ ಮೂತಿಯನ್ನು ಕತ್ತರಿಸಿ, ಆ ಬದಿಗೆ ಬಲೂನಿನ ತುಂಡು ಕಟ್ಟಿದೆ. ಸೂಜಿ ಬೇಡ, ಬಳಸದ ಹೊಸ ಸಿರಿಂಜೇ ಬೇಕು. ದೊಡ್ಡವರ ಕಿವಿಯ ನಾಲೆ ಸುಮಾರು 2.5 ಸೆಂ.ಮೀ. ಉದ್ದ, ಅದರ ತುದಿಯ ತಮಟೆ ಅಡ್ಡಳತೆಯಲ್ಲಿ ಸುಮಾರು 1 ಸೆಂ.ಮೀ. ಅಷ್ಟುದ್ದಕ್ಕೆ ಕೊಳವೆಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ಬಾಯಿಯ ಹತ್ತಿರದ ಗೋಡೆಗೆ ಎಣ್ಣೆ ಸವರಿದ ಗೋಧಿ ಕಣಕವನ್ನು ತೆಳ್ಳಗೆ ಮೆತ್ತಿದೆ. ಗುಂಪಿಗೆ ಒಂದರಂತೆ ಕೊಟ್ಟು, ಬಡ್ಸಿನಿಂದ ಕಣಕ ತೆಗೆಯಿರಿ ಎಂದೆ. ಬಡ್ಸಿನ ಹತ್ತಿಗೆ ಚೂರು ಅಂಟಿಕೊಂಡು ಬಂತು, ಮಕ್ಕಳಿಗೆ ಖುಷಿಯಾಯಿತು. ‘ಈಗ ಕೊಳವೆ ನೋಡಿ’ ಎಂದಾಗ ಎಲ್ಲರೂ ಬೆಳಕಿಗೆ ಹಿಡಿದು ನೋಡಿದರು. ಬಾಯಿಯ ಹತ್ತಿರವಿದ್ದ ಕಣಕದ ಬಹುಪಾಲು ಒಳಕ್ಕೆ ಹೋಗಿ, ಬಲೂನಿನ ಪಕ್ಕದಲ್ಲಿ ಉಂಡೆಯಾಗಿ ಕೂತಿತ್ತು. ಒಂದು ಗುಂಪಿನವರು ಜೋರಾಗಿ ಒತ್ತಿದ್ದರಿಂದ ಬಲೂನು ಹರಿದೇ ಹೋಗಿತ್ತು. ಅದನ್ನು ನಾನು ಯೋಜಿಸಿರಲಿಲ್ಲ, ಆದರೆ ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಬಡ್ಸಿನಿಂದ ಗುಗ್ಗೆ ಹೊರಗೆ ಬರುವುದಕ್ಕಿಂತ ಒಳಗೆ ಹೋಗುವುದೇ ಹೆಚ್ಚು ಎಂಬುದನ್ನು ಅಂಗಡಿಯಲ್ಲಿದ್ದಾಗ ಪೊಟ್ಟಣದ ಮೇಲೆಯೇ ಓದಿದ್ದೆ. ಕಿವಿಯ ನಾಲೆಯೊಳಗೆ ಹಾಕಬೇಡಿ ಎಂಬ ಎಚ್ಚರಿಕೆ ಬಡ್ಸಿನ ಅನೇಕ ಪೊಟ್ಟಣಗಳ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. 1923ರಲ್ಲಿ ಅಮೆರಿಕದಲ್ಲಿ ಲಿಯೋ ಗರ್ಸ್ಟೆನ್‌ಜಾಂಗ್ ಎಂಬವರು, ತಮ್ಮ ಹೆಂಡತಿ ಮಗುವಿಗಾಗಿ ಹಲ್ಲುಕಡ್ಡಿಗೆ ಹತ್ತಿ ಸುತ್ತುವುದನ್ನು ಕಂಡು ಇದನ್ನು ತಯಾರಿಸಿದರು ಎನ್ನುತ್ತಾರೆ. ಮಕ್ಕಳು ಅದೇ ಪೊಟ್ಟಣವನ್ನು ಕೈಯಿಂದ ಕೈಗೆ ದಾಟಿಸಿ ಆ ಸಾಲನ್ನು ಹುಡುಕಿ ಗಟ್ಟಿಯಾಗಿ ಓದಿದರು.

ನಂತರ ಚೀಟಿಗಳ ಪ್ರಶ್ನೆಗಳಿಗೆ ಬಂದೆವು. ಗುಗ್ಗೆ ಕೊಳೆಯಲ್ಲ. ನಾಲೆಯ ಹೊರಗಿನ ಮೂರನೆಯ ಒಂದು ಭಾಗದ ಚರ್ಮದಲ್ಲಿರುವ ಗ್ರಂಥಿಗಳು ಸ್ರವಿಸುವ ಜಿಡ್ಡು, ಅದಕ್ಕೆ ಸೇರಿದ ಉದುರಿದ ಚರ್ಮ, ಧೂಳು, ಕೂದಲು. ಇವೆಲ್ಲ ಸೇರಿದ್ದೇ ಗುಗ್ಗೆ. ಅದು ಸ್ವಲ್ಪ ಆಮ್ಲೀಯ; ಸೂಕ್ಷ್ಮಜೀವಿ ಬೆಳೆಯದಂತೆ, ನೀರು ನಿಲ್ಲದಂತೆ, ಧೂಳು ಮತ್ತು ಹುಳು ಒಳಗೆ ಹೋಗದಂತೆ ತಡೆಯುತ್ತದೆ. ತಮಟೆಯ ಮೇಲೆ ಶಾಯಿಯ ಚುಕ್ಕೆಯಿಟ್ಟು ನೋಡಿದ ವೈದ್ಯರಿಗೆ ಆ ಚುಕ್ಕೆ ದಿನಗಳೆದಂತೆ ನಾಲೆಯ ಗೋಡೆಗುಂಟ ಹೊರಕ್ಕೆ ಸರಿಯುವುದು ಕಂಡಿದೆ. ಅಂದರೆ ಒಳಗಿನ ಚರ್ಮವೇ ಉಗುರು ಬೆಳೆಯುವಷ್ಟು ನಿಧಾನವಾಗಿ ಹೊರಕ್ಕೆ ಚಲಿಸುತ್ತ ಗುಗ್ಗೆಯನ್ನು ಹೊತ್ತು ತರುತ್ತದೆ. ಅಗಿಯುವಾಗ, ಮಾತಾಡುವಾಗ ದವಡೆ ಆಡುವುದೂ ಅದಕ್ಕೆ ನೆರವಾಗುತ್ತದೆ. ಹೆಚ್ಚಿನವರ ಕಿವಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಸ್ನಾನವಾದ ಮೇಲೆ ಹೊರಗಿನ ಹಾಲೆಯನ್ನು ಬಟ್ಟೆಯಿಂದ ಒರೆಸಿದರೆ ಸಾಕು.

ಕೆಮ್ಮಿನ ಪ್ರಶ್ನೆಗೆ ಉತ್ತರ ಕೊಡುವಾಗ ಇಡೀ ತರಗತಿ ಸ್ತಬ್ಧವಾಗಿತ್ತು. ವೇಗಸ್ ಎಂಬ ನರದ ಒಂದು ಚಿಕ್ಕ ಕವಲು ಕಿವಿಯ ನಾಲೆಗೂ ಬರುತ್ತದೆ. ಅದೇ ನರ ಗಂಟಲಿಗೂ ಹೋಗುವುದರಿಂದ ಕೆಲವರಿಗೆ ಕಿವಿ ಕೆರೆದಾಗ ಕೆಮ್ಮು ಬರುತ್ತದೆ. ಅಂಟು ಗುಗ್ಗೆ, ಪುಡಿ ಗುಗ್ಗೆಯ ಪ್ರಶ್ನೆಗೂ ಉತ್ತರವಿತ್ತು. ಅದನ್ನು ಬಹುಪಾಲು ನಿರ್ಧರಿಸುವುದು ಒಂದೇ ಒಂದು ಜೀನ್ ಎಂದು 2006ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಕೊಂಡರು. ಪುಡಿ ಗುಗ್ಗೆಯವರಿಗೆ ಕಾಯಿಲೆಯೂ ಇಲ್ಲ, ಅಂಟು ಗುಗ್ಗೆಯವರು ಕೊಳಕರೂ ಅಲ್ಲ. ಆ ಚೀಟಿ ಬರೆದವರು ಯಾರೋ ನನಗೆ ಗೊತ್ತಿಲ್ಲ. ಅವರಿಗೆ ಈ ಮಾತು ಬೇಕಿತ್ತು.

ಎರಡನೆಯ ಅವಧಿಯಲ್ಲಿ ಹಲಗೆಯ ಪಟ್ಟಿಯನ್ನು ವಿಂಗಡಿಸಿದೆವು. ‘ಸುರಕ್ಷಿತ’, ‘ಅಪಾಯ’ ಎಂದು ಎರಡು ಅಂಕಣ ಮಾಡೋಣ ಎಂದಾಗ ಮಕ್ಕಳು ಬೆಂಕಿಕಡ್ಡಿ, ಪಿನ್ನು, ಕೀ, ಊದುಬತ್ತಿಯ ಕಡ್ಡಿ, ಪುಕ್ಕ ಎಲ್ಲವನ್ನೂ ತಕ್ಷಣ ಅಪಾಯಕ್ಕೆ ಹಾಕಿದರು. ಮೇಣದಬತ್ತಿಯನ್ನೂ ಅಲ್ಲಿಗೇ ಹಾಕಿದೆವು. ಕಿವಿಗೆ ಟೊಳ್ಳು ಬತ್ತಿ ಹಚ್ಚುವುದರಿಂದ ಗುಗ್ಗೆ ಹೊರಗೆ ಬರುವುದಿಲ್ಲ; ಬತ್ತಿ ಉರಿದ ಮೇಲೆ ತೋರಿಸುವ ಕಂದು ಪುಡಿ ಬತ್ತಿಯದೇ ಮೇಣ. ಬಿಸಿ ಮೇಣ ಬಿದ್ದು ಸುಟ್ಟಗಾಯವಾಗಬಹುದು. ಕಿವಿಮೂಗುಗಂಟಲು ವೈದ್ಯರ ಅಮೆರಿಕದ ಸಂಘವು 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಇದನ್ನು ಬೇಡವೆಂದೇ ಹೇಳುತ್ತದೆ. ಅದೇ ಮಾರ್ಗಸೂಚಿಯ ಪ್ರಕಾರ ಹತ್ತು ಮಕ್ಕಳಲ್ಲಿ ಒಬ್ಬರಿಗೆ, ಇಪ್ಪತ್ತು ವಯಸ್ಕರಲ್ಲಿ ಒಬ್ಬರಿಗೆ ಗುಗ್ಗೆ ಅತಿಯಾಗಿರುತ್ತದೆ ಅಥವಾ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ತೊಂದರೆ ಕೊಡದ ಗುಗ್ಗೆಯನ್ನು ತೆಗೆಯಬೇಕಿಲ್ಲ. ತೊಂದರೆ ಕೊಡುವ ಗುಗ್ಗೆಗೆ ಮೂರು ದಾರಿಗಳಿವೆ: ಹನಿ ಹಾಕಿ ಮೆದು ಮಾಡುವುದು, ನೀರು ಹಾಯಿಸಿ ತೊಳೆಯುವುದು, ನೋಡಬಲ್ಲವರು ಉಪಕರಣದಿಂದ ತೆಗೆಯುವುದು.

ತೊಡಕು ಬಂದದ್ದು ಎಣ್ಣೆಯ ವಿಷಯದಲ್ಲಿ. ಅರ್ಧ ಮಕ್ಕಳು ಸುರಕ್ಷಿತ ಎಂದರು, ಅರ್ಧ ಮಕ್ಕಳು ಅಪಾಯ ಎಂದರು. ‘ಮಿಸ್, ಎಣ್ಣೆ ಯಾವ ಕಡೆಗೆ?’ ಎಂದು ಕೇಳಿದರು. ನಾನು ಸೀಮೆಸುಣ್ಣವನ್ನು ಎರಡು ಅಂಕಣಗಳ ನಡುವಿನ ಗೆರೆಯ ಮೇಲೆಯೇ ಇಟ್ಟೆ. ತಮಟೆ ಗಟ್ಟಿಯಾಗಿರುವ, ಸೋರದ ಕಿವಿಗೆ ಬಿಸಿಯಿಲ್ಲದ ಎಣ್ಣೆಯ ಒಂದೆರಡು ಹನಿ ಗುಗ್ಗೆಯನ್ನು ಮೆದು ಮಾಡಬಲ್ಲದು. ಹಲವು ದೇಶಗಳ ವೈದ್ಯರು ಆಲಿವ್ ಎಣ್ಣೆಯನ್ನು ಹೇಳುತ್ತಾರೆ. ಯಾವ ಹನಿ ಉತ್ತಮ ಎಂದು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ವಿಮರ್ಶೆಗೆ ಒಂದು ಹನಿ ಇನ್ನೊಂದಕ್ಕಿಂತ ಮೇಲು ಎನ್ನಲು ಪುರಾವೆ ಸಿಗಲಿಲ್ಲ. ಬರಿ ನೀರಿಗಿಂತ ಮೇಲು ಎನ್ನಲೂ ಸಿಗಲಿಲ್ಲ. ಅದೇ ಎಣ್ಣೆಯನ್ನು ತಮಟೆಯಲ್ಲಿ ತೂತಿರುವ ಕಿವಿಗೆ ಬಿಟ್ಟರೆ ಅದು ನಡುಗಿವಿಗೆ ಇಳಿದು ಸೋಂಕನ್ನು ಹೆಚ್ಚಿಸಬಹುದು. ಎಣ್ಣೆ ಅದೇ, ಕಿವಿ ಬೇರೆ. ತೂತು ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಬಿಸಿ ಎಣ್ಣೆಯಂತೂ ಯಾವ ಕಿವಿಗೂ ಬೇಡ.

ನೀರಿನದೂ ಇದೇ ಕತೆ. ಆಸ್ಪತ್ರೆಯಲ್ಲಿ ನೀರು ಹಾಯಿಸುವಾಗ ದೇಹದ ಉಷ್ಣತೆಯಷ್ಟೇ, ಅಂದರೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಬಳಸುತ್ತಾರೆ. ಏಕೆ? ಇಲ್ಲಿ ನನ್ನ ಪಾಠಕ್ಕೆ ಒಬ್ಬ ನೊಬೆಲ್ ವಿಜೇತರು ಒದಗಿದರು. ವಿಯೆನ್ನಾದ ವೈದ್ಯ ರಾಬರ್ಟ್ ಬರಾನಿ ಕಿವಿ ತೊಳೆಯುವಾಗ ರೋಗಿಗಳಿಗೆ ತಲೆ ತಿರುಗುತ್ತಿತ್ತು. ನೀರು ತಣ್ಣಗಿದ್ದರೂ ತಿರುಗುತ್ತಿತ್ತು, ಹೆಚ್ಚು ಬಿಸಿಯಿದ್ದರೂ ತಿರುಗುತ್ತಿತ್ತು. ಕಣ್ಣುಗುಡ್ಡೆ ಮಾತ್ರ ಒಂದಕ್ಕೆ ಒಂದು ದಿಕ್ಕಿಗೆ, ಇನ್ನೊಂದಕ್ಕೆ ಎದುರು ದಿಕ್ಕಿಗೆ ಜಗ್ಗುತ್ತಿತ್ತು. ಒಳಗಿವಿಯ ದ್ರವ ಕಾದಾಗ ಮೇಲೇರುತ್ತದೆ, ತಣಿದಾಗ ಕೆಳಗಿಳಿಯುತ್ತದೆ ಎಂದು ಅವರು ಅದನ್ನು ವಿವರಿಸಿದರು. ಒಳಗಿವಿಯ ಸಮತೋಲನದ ಅಂಗದ ಕುರಿತ ಕೆಲಸಕ್ಕಾಗಿ ಅವರಿಗೆ 1914ರ ನೊಬೆಲ್ ಬಹುಮಾನ ಬಂತು. ಏಳನೆಯ ತರಗತಿಯಲ್ಲಿ ಓದಿದ ಸಂವಹನ ಪ್ರವಾಹ ಇಲ್ಲಿ ಹೀಗೆ ಬರುತ್ತದೆಂದು ಮಕ್ಕಳು ಊಹಿಸಿರಲಿಲ್ಲ. ಫ್ರಿಜ್ಜಿನಿಂದ ತೆಗೆದ ಹನಿಯನ್ನು ನೇರ ಕಿವಿಗೆ ಬಿಡದೆ ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿಯಲು ಹೇಳುವುದೂ ಇದಕ್ಕೇ. ಸೋರುವ ಕಿವಿ, ತೂತಿರುವ ತಮಟೆ, ಹಿಂದೆ ಶಸ್ತ್ರಚಿಕಿತ್ಸೆಯಾದ ಕಿವಿ, ಇವುಗಳಿಗೆ ನೀರು ಹಾಯಿಸುವಂತಿಲ್ಲ.

ಗುಗ್ಗೆಯಲ್ಲದ ಮೂರು ಸಂಗತಿಗಳನ್ನೂ ಸೇರಿಸಿದೆ, ಏಕೆಂದರೆ ಶಾಲೆಯಲ್ಲಿ ನಡೆಯುವುದು ಇವೇ. ಕಡಲೆ, ಹೆಸರುಕಾಳಿನಂಥ ಕಾಳು ಕಿವಿಗೆ ಹೋದರೆ ನೀರು ಹಾಕಬಾರದು, ಅದು ಉಬ್ಬುತ್ತದೆ. ವಾಚಿನ ಬಿಲ್ಲೆ ಸೆಲ್ಲು ಹೋದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು, ಯಾವ ಹನಿಯನ್ನೂ ಹಾಕಬಾರದು; ಅದು ಒಳಗಿನ ಚರ್ಮವನ್ನೇ ಸುಡುತ್ತದೆ. ಜೀವಂತ ಹುಳು ಹೋಗಿದ್ದರೆ, ಸೋರದ ಕಿವಿಯಾಗಿದ್ದರೆ, ತಣ್ಣನೆಯ ಕೊಬ್ಬರಿ ಎಣ್ಣೆ ಬಿಟ್ಟು ಅದು ಸತ್ತ ಮೇಲೆ ಡಾಕ್ಟರಲ್ಲಿಗೆ ಹೋಗಬೇಕು, ಪಿನ್ನಿನಿಂದ ಹುಡುಕಬಾರದು.

ಈ ಎರಡು ಅವಧಿಗಳನ್ನು ವೀಕ್ಷಿಸಿದ ಮಾರ್ಗದರ್ಶಕರು ನನ್ನ ದಾಖಲೆ ಪುಸ್ತಕದಲ್ಲಿ ‘ಕಲಿಕಾ ಫಲದಿಂದ ದೂರ ಸರಿಯಿತು, ಇದು ಆರೋಗ್ಯ ಶಿಕ್ಷಣವಾಯಿತು’ ಎಂದು ಬರೆದರು. ನಂತರ ಸಿಬ್ಬಂದಿ ಕೊಠಡಿಯಲ್ಲಿ ಆ ಬಗ್ಗೆ ಮಾತಾಡಿದೆವು. ಅವರ ಆಕ್ಷೇಪಣೆಯಲ್ಲಿ ಹುರುಳಿದೆ. ಆರು ಅವಧಿಗಳಲ್ಲಿ ಎರಡನ್ನು ಇದಕ್ಕೆ ಕೊಟ್ಟರೆ ಆವೃತ್ತಿಯ ಲೆಕ್ಕಗಳಿಗೆ ಸಮಯ ಎಲ್ಲಿಂದ? ನಾನು ಹೇಳಿದ್ದು ಇಷ್ಟು: ಕಂಪನ, ತಡೆ, ಸಂವಹನ, ಆಮ್ಲೀಯತೆ ಎಲ್ಲವೂ ಈ ಎರಡು ಅವಧಿಗಳಲ್ಲಿ ಬಂದಿವೆ, ಮತ್ತು ಮಕ್ಕಳು ಕೇಳಿದ್ದಕ್ಕೆ ಉತ್ತರವಾಗಿ ಬಂದಿವೆ. ಶಬ್ದಮಾಲಿನ್ಯವನ್ನು ಯೋಜನಾ ಕಾರ್ಯವಾಗಿ ಮನೆಗೆ ಕೊಟ್ಟು ಒಂದು ಅವಧಿಯನ್ನು ಉಳಿಸಿಕೊಂಡೆ. ಅವರು ಅದನ್ನು ಒಪ್ಪಿದರು, ಆದರೆ ಬರೆದ ಸಾಲನ್ನು ತಿದ್ದಲಿಲ್ಲ. ಆ ಸಾಲು ಹಾಗೆಯೇ ಇದೆ, ಅದರ ಕೆಳಗೆ ನನ್ನ ಉತ್ತರವೂ ಇದೆ.

ಈಗ ಆ ತರಗತಿಯ ಒಬ್ಬ ಹುಡುಗಿಯ ವಿಷಯ. ಗೋಡೆಯ ಬದಿಯ ಮೂರನೆಯ ಬೆಂಚಿನವಳು. ಮಾತು ಕಡಿಮೆ. ಉಕ್ತಲೇಖನದಲ್ಲಿ ತಪ್ಪುಗಳು ರಾಶಿ. ಹಲಗೆ ನೋಡಿ ಬರೆದದ್ದರಲ್ಲಿ ಒಂದೂ ತಪ್ಪಿಲ್ಲ. ‘ಗಮನವಿಲ್ಲ, ಮನೆಯಲ್ಲೂ ಓದುವುದಿಲ್ಲ’ ಎಂದು ಅವಳ ಬಗ್ಗೆ ನನಗೆ ಮೊದಲೇ ಹೇಳಿದ್ದರು. ರಾಗಿ ಕಾಳಿನ ಚಟುವಟಿಕೆಯ ದಿನ ನಾನು ಅವಳ ಬೆನ್ನ ಹಿಂದೆ ನಿಂತು ಸೂಚನೆ ಕೊಟ್ಟಾಗ ಅವಳು ಅಲುಗಲಿಲ್ಲ. ಎದುರು ಬಂದು ಅದನ್ನೇ ಹೇಳಿದಾಗ ಚುರುಕಾಗಿ ಮಾಡಿದಳು. ಅವಳು ಕೇಳುತ್ತಿದ್ದುದಕ್ಕಿಂತ ತುಟಿ ನೋಡುತ್ತಿದ್ದುದೇ ಹೆಚ್ಚು. ತರಗತಿ ಶಿಕ್ಷಕರಿಗೆ ಇದನ್ನು ತಿಳಿಸಿದೆ. ಅವರು ಎರಡು ದಿನ ತಾವೂ ಗಮನಿಸಿ, ಮನೆಗೆ ಹೇಳಿ ಕಳಿಸಿದರು.

ಬಂದವರು ತಾಯಿ ಮತ್ತು ಅಜ್ಜಿ. ತಾಯಿ ಗಾರ್ಮೆಂಟ್ಸಿಗೆ ಹೋಗುವವರು, ಅರ್ಧ ದಿನ ರಜೆ ಹಾಕಿದ್ದರು. ಮಾತಾಡಿದ್ದೆಲ್ಲ ಅಜ್ಜಿ. ‘ಗುಗ್ಗೆ ಕಟ್ಕೊಂಡದೆ ಕಣವ್ವ, ಬೆಳ್ಳುಳ್ಳಿ ಎಣ್ಣೆ ಕಾಯ್ಸಿ ಬುಡ್ತಾನೆ ಇವ್ನಿ. ಮಳೆಗಾಲ್ದಲ್ಲಿ ಒಂದೀಟು ಸೋರ್ತದೆ, ಆಮೇಲೆ ತಾನೇ ನಿಲ್ತದೆ. ನಮ್ಮ ಕಾಲ್ದಿಂದ್ಲೂ ಇದ್ನೇ ಮಾಡ್ಕಂಡು ಬಂದಿರದು, ಯಾರ್ಗೆ ಏನಾಗದೆ?’

ಆ ಹೊತ್ತಿನಲ್ಲಿ ಎಣ್ಣೆ ತಪ್ಪು ಎಂದುಬಿಟ್ಟರೆ ಅಜ್ಜಿ ಎದ್ದು ಹೋಗುತ್ತಿದ್ದರು. ಅದು ನ್ಯಾಯವೂ ಆಗುತ್ತಿರಲಿಲ್ಲ, ಏಕೆಂದರೆ ಎಣ್ಣೆ ಪೂರ್ತಿ ತಪ್ಪಲ್ಲ. ‘ಅಜ್ಜಿ, ಗುಗ್ಗೆ ಮೆತ್ತಗಾಗೋಕೆ ಎಣ್ಣೆ ಒಳ್ಳೇದೇ. ಆದ್ರೆ ಸೋರೋ ಕಿವಿಗಲ್ಲ. ಸೋರ್ತದೆ ಅಂದ್ರೆ ಒಳಗೆ ತಮಟೆ ತೂತಾಗಿರಬಹುದು. ತೂತಿರೋ ಮಡಕೆಗೆ ನೀವು ಎಣ್ಣೆ ಹುಯ್ತೀರಾ? ಒಂದ್ಸಲ ಒಳಗೆ ನೋಡಿಸಿಬಿಡಿ, ಆಮೇಲೆ ಡಾಕ್ಟ್ರು ಏನು ಹೇಳ್ತಾರೋ ಹಾಗೆ ಮಾಡಿ’ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಳಗೆ ನೋಡಾಕೆ ಆಯ್ತದಾ?’ ಎಂದು ಕೇಳಿದರು. ಕಿವಿಯೊಳಗೆ ದೀಪ ಬಿಟ್ಟು ನೋಡುವ ಉಪಕರಣವಿದೆ, ನೋವಾಗುವುದಿಲ್ಲ ಎಂದೆ. ಅಲ್ಲಿಯವರೆಗೆ ಎಣ್ಣೆ ನಿಲ್ಲಿಸುತ್ತೇನೆ ಎಂದು ಅವರೇ ಹೇಳಿದರು.

ಶಾಲಾ ಮಕ್ಕಳ ಆರೋಗ್ಯ ತಪಾಸಣೆಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ತಂಡ ಸರ್ಕಾರಿ ಶಾಲೆಗೆ ಬಂದಾಗ ಕಿವಿಯ ತೊಂದರೆಯನ್ನೂ ನೋಡುತ್ತದೆ. ತಂಡದ ಮುಂದಿನ ಭೇಟಿ ದೂರವಿದ್ದುದರಿಂದ ತರಗತಿ ಶಿಕ್ಷಕರು ತಾಯಿಯನ್ನು ನೇರವಾಗಿ ಆಸ್ಪತ್ರೆಗೆ ಕಳಿಸಿದರು. ಹತ್ತು ದಿನಗಳ ನಂತರ ತಾಯಿ ಚೀಟಿ ಹಿಡಿದು ಶಾಲೆಗೆ ಬಂದರು. ಎಡಗಿವಿಯಲ್ಲಿ ಗುಗ್ಗೆ ಕಲ್ಲಿನಂತೆ ಕಟ್ಟಿತ್ತು. ಬಲಗಿವಿಯಲ್ಲಿ ಗುಗ್ಗೆ ಇರಲಿಲ್ಲ, ತಮಟೆಯಲ್ಲಿ ತೂತಿತ್ತು. ಅಜ್ಜಿ ಎರಡೂ ಕಿವಿಗೆ ಒಂದೇ ಎಣ್ಣೆ ಬಿಡುತ್ತಿದ್ದರು. ಸೋರಿದ ಇತಿಹಾಸವಿದ್ದುದರಿಂದ ವೈದ್ಯರು ನೀರು ಬಳಸದೆ, ನೋಡಿಕೊಂಡೇ ಎಡಗಿವಿಯ ಗುಗ್ಗೆಯನ್ನು ಉಪಕರಣದಿಂದ ತೆಗೆದಿದ್ದರು. ಬಲಗಿವಿಗೆ ಔಷಧಿ ಕೊಟ್ಟು, ಒಣಗಿರಬೇಕು, ತಲೆಗೆ ನೀರು ಹಾಕುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಡಬೇಕು ಎಂದಿದ್ದರು. ತೂತು ತಾನೇ ಮುಚ್ಚದಿದ್ದರೆ ಮುಂದೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದು ಇನ್ನೂ ತೀರ್ಮಾನವಾಗಿಲ್ಲ.

ಒಂದು ಕಿವಿ ಸರಿಹೋಯಿತು, ಇನ್ನೊಂದು ಆಗಿಲ್ಲ. ಅವಳನ್ನು ಎಡಗಿವಿ ಶಿಕ್ಷಕರ ಕಡೆಗೆ ಬರುವಂತೆ ಮುಂದಿನ ಬೆಂಚಿನ ಬಲತುದಿಗೆ ಕೂರಿಸಲಾಯಿತು. ಬೋಧನಾಭ್ಯಾಸದ ಕೊನೆಯ ವಾರದ ಉಕ್ತಲೇಖನದಲ್ಲಿ ಅವಳಿಗೆ ಹತ್ತಕ್ಕೆ ಎಂಟು ಬಂತು. ಗಮನವಿಲ್ಲದ ಹುಡುಗಿ ಎಂದು ಎಷ್ಟು ವರ್ಷಗಳಿಂದ ಅವಳ ಹಣೆಗೆ ಅಂಟಿಸಿದ್ದರೋ, ಆ ವರ್ಷಗಳ ಪಾಠವನ್ನು ಮಾತ್ರ ಯಾರೂ ಅವಳಿಗೆ ಮರಳಿ ಮಾಡಲಾರರು. ನಾನು ಈ ಲೇಖನ ಬರೆಯಲು ಕೂತದ್ದು ಅದಕ್ಕೇ.

ಮುಂದಿನ ತಂಡದ ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು. ಮಗುವಿನ ಕಿವಿಗೆ ಟಾರ್ಚು ಬಿಟ್ಟು ನೋಡುವುದು, ಗುಗ್ಗೆ ಕಂಡರೆ ತೆಗೆಯುವುದು ನಮ್ಮ ಕೆಲಸವಲ್ಲ. ಮಗುವಿಗೆ ಕೇಳಿಸುತ್ತಿದೆಯೇ ಎಂದು ಗಮನಿಸುವುದು ಖಂಡಿತ ನಮ್ಮ ಕೆಲಸ. ಮತ್ತೆ ಮತ್ತೆ ‘ಆಂ?’ ಎನ್ನುವುದು, ಒಂದೇ ಕಡೆ ತಲೆ ವಾಲಿಸುವುದು, ತುಟಿ ನೋಡುವುದು, ಅಗತ್ಯಕ್ಕಿಂತ ಜೋರಾಗಿ ಮಾತಾಡುವುದು, ಹಲಗೆ ನೋಡಿ ಸರಿಯಾಗಿ ಬರೆದು ಕೇಳಿ ಬರೆಯುವಾಗ ತಪ್ಪುವುದು, ಇವುಗಳಲ್ಲಿ ಎರಡು ಕಂಡರೂ ತರಗತಿ ಶಿಕ್ಷಕರಿಗೆ ತಿಳಿಸಿ. ಕಾರಣ ಗುಗ್ಗೆಯೇ ಎಂದು ನಾವು ತೀರ್ಮಾನಿಸಬಾರದು, ಮನೆಮದ್ದು ಸೂಚಿಸಬಾರದು, ಹನಿಯ ಹೆಸರು ಹೇಳಬಾರದು. ‘ಕಿವಿ ಸೋರುತ್ತದೆಯೇ?’ ಎಂಬ ಒಂದು ಪ್ರಶ್ನೆ ಕೇಳಿ, ಉತ್ತರ ಏನೇ ಇದ್ದರೂ ನೋಡಬಲ್ಲವರ ಬಳಿ ಕಳಿಸಬೇಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಸುತ್ತಲಿನ ಜಿಲ್ಲೆಗಳ ಪೋಷಕರಿಗೆ ಅದರ ಹೆಸರು ಹೇಳಿದರೂ ಸಹಾಯವಾಗುತ್ತದೆ. ಮಾರ್ಚ್ 3 ವಿಶ್ವ ಶ್ರವಣ ದಿನ. ಆ ಸುಮಾರಿಗೆ ಅಭ್ಯಾಸ ಪಾಠ ಬಂದರೆ ಸಿರಿಂಜು, ಕಣಕದ ಈ ಚಟುವಟಿಕೆಯನ್ನು ಬೆಳಗಿನ ಪ್ರಾರ್ಥನೆಯ ನಂತರ ಹತ್ತು ನಿಮಿಷಗಳಲ್ಲಿ ಮಾಡಬಹುದು.

ಕೊನೆಗೆ ಒಂದು ಸಲಹೆ ನಮ್ಮ ಪ್ರಶಿಕ್ಷಕರಿಗೆ. ನಮ್ಮ ಪಾಠ ವೀಕ್ಷಣಾ ಪಟ್ಟಿಯಲ್ಲಿ ಪೀಠಿಕೆ, ಪ್ರಶ್ನಿಸುವ ಕೌಶಲ, ಕಪ್ಪುಹಲಗೆಯ ಬಳಕೆ, ಧ್ವನಿಯ ಏರಿಳಿತಕ್ಕೆ ಅಂಕಗಳಿವೆ. ಧ್ವನಿ ಹಿಂದಿನ ಬೆಂಚಿಗೆ ಮುಟ್ಟಿತೇ ಎಂದು ನೋಡುವಾಗ, ಮುಟ್ಟಿದ ಧ್ವನಿ ಎಲ್ಲರಿಗೂ ಕೇಳಿಸಿತೇ ಎಂಬುದಕ್ಕೂ ಒಂದು ಅಂಕಣ ಸೇರಿಸಿದರೆ ಒಳ್ಳೆಯದು. ಅದಕ್ಕೆ ಅಂಕ ಬೇಡ, ಒಂದು ಮಗುವಿನ ಕ್ರಮಸಂಖ್ಯೆ ಬರೆಯಲು ಜಾಗವಿದ್ದರೆ ಸಾಕು.